ನಾಲ್ಕು ಬೆರಳು ಪೈಪು

"ಬುದ್ಧಿ, ಸಂಬಂಧ ಕಡಿದುಕೊಳ್ಳುವವನು ಒಂದೇ ಏಟಿಗೆ, ಬುಡಸಮೇತ ಕಡಿದುಕೊಳ್ಳಬೇಕಲ್ಲವೇ?"

ಗುರುಗಳನ್ನು ಹೀಗೆ ಕೇಳಿದವನು ಮುರಿಗೆಪ್ಪ. ಮಠಕ್ಕೆ ಸೇರಿದ ಮೇಲೆ ಅವನು ಕೇಳುತ್ತಿದ್ದುದೆಲ್ಲ ಪುಸ್ತಕದೊಳಗಿನ ಪ್ರಶ್ನೆ. ಇದು ಮಾತ್ರ ಹೊಟ್ಟೆಯೊಳಗಿನದು. ಹೊರಗೆ ಬಾಗಿಲ ಮೆಟ್ಟಿಲ ಮೇಲೆ ಅವನ ಅಣ್ಣ ಕೊಟ್ರಪ್ಪ ಬೆಳಗಿನಿಂದ ಕುಳಿತಿದ್ದ. ತಾಯಿ ತೀರಿಕೊಂಡು ವರ್ಷ ತುಂಬುತ್ತಿತ್ತು. ವರ್ಷದ ಪೂಜೆಗೆ ತಮ್ಮನನ್ನು ಕರೆದೊಯ್ಯಲು ಬಂದಿದ್ದ. ಆದರೆ ತಾಯಿ ಕಣ್ಣು ಮುಚ್ಚಿದ ದಿನ ಇದೇ ಅಣ್ಣ ತಮ್ಮನಿಗೆ ಹೇಳಿ ಕಳುಹಿಸಿರಲಿಲ್ಲ. ಮಣ್ಣು ಮಾಡಿ ಮುಗಿದ ಮೇಲೆ ಸುದ್ದಿ ಮುಟ್ಟಿತ್ತು. ಮುರಿಗೆಪ್ಪನಿಗೆ ಅವ್ವನ ಮುಖ ಕೊನೆಗೂ ನೋಡಲು ಸಿಗಲಿಲ್ಲ. ಆ ಉರಿ ಇನ್ನೂ ಆರಿರಲಿಲ್ಲ.

"ಹೊರಗೆ ಹೋಗಿ ಏನು ಹೇಳಬೇಕೆಂದಿದ್ದೀಯೆ?" ಎಂದು ಕೇಳಿದರು ಗುರುಗಳು.

"'ಅವ್ವನ ಜೊತೆ ನನ್ನನ್ನೂ ಮಣ್ಣು ಮಾಡಿದೆ ಎಂದು ತಿಳಿ. ಇನ್ನು ನನಗೆ ಅಣ್ಣನಿಲ್ಲ.' ಇಷ್ಟೇ, ಬುದ್ಧಿ. ಕೇಳಿದವನು ಮತ್ತೆ ಈ ಮೆಟ್ಟಿಲು ಹತ್ತಬಾರದು."

"ಭಲೇ! ಮಾತನ್ನು ಚೆನ್ನಾಗಿ ಮಸೆದಿಟ್ಟಿದ್ದೀಯೆ. ಒಂದು ಕತೆ ಹೇಳುತ್ತೇನೆ, ಕೇಳಿ ಹೋಗು."

"ಅಣ್ಣನ ಬಸ್ಸು ಬರುವ ಹೊತ್ತಾಯಿತು, ಬುದ್ಧಿ. ಅದು ಬರುವುದರೊಳಗೆ ಅವನಿಗೆ ಹೇಳಿ ಮುಗಿಸಿಬಿಡುತ್ತೇನೆ."

"ವರ್ಷವೆಲ್ಲ ಕಾದ ಸಿಟ್ಟು ಒಂದು ಕತೆಯಷ್ಟು ಹೊತ್ತು ಕಾಯಲಾರದೇ? ಕೂರು."

ಮುರಿಗೆಪ್ಪ ಕುಳಿತ. ಅವನ ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪ್ಲಂಬರ್ ಇದ್ದ. ಯಾಕೆ ಹಾಗೆ ನೋಡುತ್ತೀ? ಕತೆಗೆ ರಾಜನೇ ಆಗಬೇಕೇನು? ನೀರು ಕುಡಿಯುವವರೆಲ್ಲರಿಗೂ ಪ್ಲಂಬರ್ ಬೇಕು, ಕೇಳು. ಕೆಲಸಗಾರ ಒಳ್ಳೆಯವನೇ. ಕುಡಿತವಿಲ್ಲ, ಕಳ್ಳತನವಿಲ್ಲ. ಒಂದೇ ದೋಷ, ಆತುರ. ಹಿಡಿದ ಕೆಲಸ ಹಿಡಿದ ಕೈಯಲ್ಲೇ ಮುಗಿಯಬೇಕು. ಕೈಗರಗಸದಲ್ಲಿ ಕಬ್ಬಿಣದ ಪೈಪು ಉಜ್ಜಿ ಉಜ್ಜಿ ಅವನ ರಟ್ಟೆ ಸೋತಿತ್ತು. ಬ್ಯಾಟರಿ ಗರಗಸ ಬಂದಿದೆ, ವೈರು ಬೇಡ, ಗುಂಡಿ ಒತ್ತಿದರೆ ಸಾಕು ಎಂದು ಯಾರೋ ಹೇಳಿದರು. ಮಾರನೆಯ ದಿನವೇ ಪೇಟೆಗೆ ಓಡಿದ.

ಅಂಗಡಿಯ ಒಡತಿ ಅವನ ಮುಂದೆ ಮೂರು ಗರಗಸ ಇಟ್ಟಳು. ಒಂದರ ಅಲಗು ಉದ್ದ, ಕತ್ತಿಯಂತೆ ಮುಂದಕ್ಕೆ ಚಾಚಿಕೊಂಡು ಹಿಂದೆ ಮುಂದೆ ಓಡುವಂಥದ್ದು. ಬೇಕಾದ ಕಡೆ ಬಾಗುತ್ತದೆ, ಎದುರಿಗೆ ಬಂದದ್ದನ್ನು ಬಿಡುವುದಿಲ್ಲ. ಇನ್ನೊಂದರ ಅಲಗು ಬಳೆಯಂತೆ ಸುತ್ತುವುದು. ನೇರವಾಗಿ ಕೊಯ್ಯುತ್ತದೆ, ಆದರೆ ಭಾರ, ಪೈಪಿನ ಸುತ್ತ ಜಾಗ ಬೇಡುತ್ತದೆ. ಮೂರನೆಯದು ಗಿಡ್ಡ. ಒಂದೇ ಕೈಯಲ್ಲಿ ಹಿಡಿಯುವಂಥದ್ದು. ಅಲಗು ಚಿಕ್ಕದು, ವೇಗ ಕಡಿಮೆ, ಮೂತಿಯಲ್ಲೊಂದು ಅಗಲವಾದ ತಡೆ.

"ನೀನು ಹೆಚ್ಚಾಗಿ ಕೊಯ್ಯುವುದು ಎಲ್ಲಪ್ಪ? ಬಯಲಿನಲ್ಲೋ, ಗೋಡೆಯ ಸಂದಿಯಲ್ಲೋ?" ಎಂದು ಕೇಳಿದಳು.

"ಎಲ್ಲಾದರೇನಮ್ಮ, ಬೇಗ ಕೊಯ್ದರೆ ಸರಿ."

ಅವಳು ಒಂದು ಕಬ್ಬಿಣದ ಪೈಪನ್ನು ಮೇಜಿನ ಇಕ್ಕಳಕ್ಕೆ ಬಿಗಿದು ಮೂರರಲ್ಲೂ ಕೊಯ್ದು ತೋರಿಸಿದಳು. ಉದ್ದ ಗರಗಸ ಕಣ್ಣು ಮಿಟುಕಿಸುವುದರಲ್ಲಿ ತುಂಡನ್ನು ಕೆಳಗೆ ಕೆಡವಿತು. ಪ್ಲಂಬರ್ ಬಿದ್ದ ತುಂಡನ್ನು ನೋಡಿ "ಭೇಷ್!" ಎಂದ. ಅವಳು ಬಿದ್ದದ್ದನ್ನು ನೋಡಲೇ ಇಲ್ಲ. ಇಕ್ಕಳದಲ್ಲಿ ಉಳಿದ ಪೈಪಿನ ಬಾಯಿಯ ಸುತ್ತ ಬೆರಳಾಡಿಸಿದಳು. ಬಾಯಿ ಸೊಟ್ಟಗಿತ್ತು.

"ಇದನ್ನು ಒಂದಿಷ್ಟು ನೋಡಪ್ಪ" ಎಂದಳು.

"ಉಳಿದದ್ದನ್ನು ನೋಡಿ ಏನಾಗಬೇಕಮ್ಮ? ಬೀಳಬೇಕಾದದ್ದು ಬಿತ್ತಲ್ಲ."

ಅವಳು ಉದ್ದ ಗರಗಸವನ್ನು ಪೆಟ್ಟಿಗೆಗೆ ಹಾಕಿ ಕೊಟ್ಟಳು. ಕೊಳ್ಳುವವನು ಮನಸ್ಸು ಮಾಡಿ ಬಂದಿದ್ದಾನೆಂದು ಗೊತ್ತಾದ ಮೇಲೆ ಮಾರುವವರು ಸುಮ್ಮನಾಗುತ್ತಾರೆ. ಸಂದಿಗೊಂದಿಯಲ್ಲಿ ಕೆಲಸ ಮಾಡುವವನು ಎಲ್ಲಕ್ಕಿಂತ ದೊಡ್ಡದನ್ನು ಹೊತ್ತುಕೊಂಡು ಹೊರಟ. ಮೂಗಿಗಿಂತ ಮೂಗುತಿ ಭಾರ.

ಈಗ ಒಂದು ಮಾತು ನೆನಪಿಡು, ಮುರಿಗೆಪ್ಪ. ಆ ಕಸುಬಿನವರಲ್ಲಿ ಒಂದು ವಾಡಿಕೆಯಿದೆ. ಕೊಯ್ಯುವ ಮುನ್ನ ಗೋಡೆಗೆ ಒತ್ತಿ ಪೈಪಿನ ಮೇಲೆ ನಾಲ್ಕು ಬೆರಳು ಇಡುತ್ತಾರೆ. ಬೆರಳಿನಾಚೆ ಗುರುತು ಮಾಡಿ ಅಲ್ಲಿ ಕೊಯ್ಯುತ್ತಾರೆ. ನಮ್ಮ ಪ್ಲಂಬರ್ ಆ ವಾಡಿಕೆಯನ್ನು ಯಾವತ್ತೋ ಬಿಟ್ಟಿದ್ದ. ಬಿಟ್ಟರೂ ನಡೆಯುತ್ತಿತ್ತು. ಯಾಕೆಂದರೆ ಕೈಗರಗಸದ ಚೌಕಟ್ಟು ಗೋಡೆಗೆ ತಾಗುತ್ತದೆ, ಅದು ಬುಡಕ್ಕೆ ಹೋಗುವುದೇ ಇಲ್ಲ. ಇವನು ಅಳೆದು ಉಳಿಸದಿದ್ದರೂ ನಾಲ್ಕು ಬೆರಳು ಪೈಪು ತಾನಾಗಿಯೇ ಉಳಿಯುತ್ತಿತ್ತು. ಗರಗಸದ ಒಳ್ಳೆಯತನವನ್ನು ಅವನು ತನ್ನ ಜಾಣತನ ಎಂದುಕೊಂಡಿದ್ದ.

ಒಂದು ಮಧ್ಯಾಹ್ನ ಹೆರಿಗೆ ಆಸ್ಪತ್ರೆಯಿಂದ ಕರೆ ಬಂತು. ಹಳೆಯ ಕಟ್ಟಡ. ಮೇಲಿನ ಟ್ಯಾಂಕಿನಿಂದ ಬಂದ ಕಬ್ಬಿಣದ ಪೈಪು ಒಂದು ಇಕ್ಕಟ್ಟಿನ ಕೋಣೆಯಲ್ಲಿ ಗೋಡೆಯಿಂದ ಹೊರಬಂದು ಗೇಣು ದೂರದಲ್ಲಿ ಸೀಳಿತ್ತು. ನೀರು ಸಣ್ಣಗೆ ಚಿಮ್ಮುತ್ತಿತ್ತು. ಟ್ಯಾಂಕಿನ ಬುಡದ ವಾಲ್ವು ತುಕ್ಕು ಹಿಡಿದು ತಿರುಗಲಿಲ್ಲ. ಬಲವಾಗಿ ತಿರುಗಿಸಿದವರ ಕೈಗೆ ಅದರ ಹಿಡಿಯೇ ಕಿತ್ತುಬಂತು. ಪೈಪಿನ ಎದುರು ಗೋಡೆಯಲ್ಲಿ ಇಡೀ ಆಸ್ಪತ್ರೆಯ ಕರೆಂಟಿನ ಬೋರ್ಡು. ಪಕ್ಕದ ಕೋಣೆಯಲ್ಲಿ ದಿನ ತುಂಬದೆ ಹುಟ್ಟಿದ ಹಸುಗೂಸುಗಳು. ಕರೆಂಟಿನಿಂದ ಬೆಚ್ಚಗಿಟ್ಟ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಬೋರ್ಡು ನೆನೆದರೆ ಪೆಟ್ಟಿಗೆ ತಣ್ಣಗಾಗುತ್ತದೆ. ಪೆಟ್ಟಿಗೆ ತಣ್ಣಗಾದರೆ ಕೂಸು ತಣ್ಣಗಾಗುತ್ತದೆ.

ಹೆದರುವಂಥದ್ದೇನೂ ಇರಲಿಲ್ಲ. ಸೀಳಿದ ಭಾಗವನ್ನು ಕೊಯ್ದು ತೆಗೆಯುವುದು. ಗೋಡೆಯಿಂದ ಹೊರಗೆ ಉಳಿದ ತುಂಡಿಗೆ ತೆರೆದ ವಾಲ್ವೊಂದನ್ನು ತೊಡಿಸಿ ಬಿಗಿಯುವುದು. ಆಮೇಲೆ ವಾಲ್ವು ತಿರುಗಿಸಿದರೆ ನೀರು ನಿಲ್ಲುತ್ತದೆ. ಅವನು ಎಷ್ಟೋ ಸಲ ಮಾಡಿದ ಕೆಲಸ. ವಾಲ್ವು ಚೀಲದಲ್ಲೇ ಇತ್ತು.

ಪೈಪಿನ ಮೇಲೆ ಕಣ್ಣಾಡಿಸಿದ. ಸೀಳಿನಿಂದ ಗೋಡೆಯವರೆಗೂ ತುಕ್ಕು. ತುಕ್ಕು ಮೇಲೆ ಮೇಲಿನದು, ಒಳಗೆ ಕಬ್ಬಿಣ ಗಟ್ಟಿಯಿತ್ತು. ಅದನ್ನು ಉಜ್ಜಿ ನೋಡುವಷ್ಟು ತಾಳ್ಮೆ ಯಾರಿಗಿದೆ? ಅವನಿಗೆ ಅದನ್ನು ಕಂಡರೇ ಸಿಟ್ಟು ಬಂತು. ಈ ಹಾಳಾದದ್ದು ಒಂದಿಷ್ಟೂ ಉಳಿಯಬಾರದು ಎಂದುಕೊಂಡ. ಉದ್ದ ಗರಗಸ ತೆಗೆದ. ಅದರ ಅಲಗು ಬಾಗಿ, ಗೋಡೆಗೆ ಅಂಟಿಕೊಂಡು ಮಲಗಿತು. ಗುಂಡಿ ಒತ್ತಿದ. ಗಿರ್ರೆಂದಿತು. ತುಂಡು ಬಿತ್ತು.

"ಭೇಷ್!" ಎನ್ನಲು ಬಾಯಿ ತೆರೆದ, ನೋಡು. ಆ ಬಾಯಿಗೇ ನೀರು ಹೊಡೆಯಿತು.

ಚಿಮ್ಮುತ್ತಿದ್ದ ನೀರು ಈಗ ಪೈಪಿನ ಬಾಯಿ ತುಂಬ ಹೊರಬಿತ್ತು. ಎದುರು ಗೋಡೆಗೆ ಬಡಿದು ಬೋರ್ಡಿನ ಪಕ್ಕದಲ್ಲಿ ಇಳಿಯತೊಡಗಿತು. ಅವನು ವಾಲ್ವು ತೆಗೆದು ತೊಡಿಸಲು ಹೋದ. ಯಾವುದಕ್ಕೆ ತೊಡಿಸುವುದು? ಗೋಡೆಯ ಗಾರೆಗೆ ಸಮವಾಗಿ ಒಂದು ತೂತು, ಅಷ್ಟೇ. ಹಿಡಿಯಲು ಒಂದು ಕೂದಲೆಳೆಯಷ್ಟೂ ಪೈಪಿಲ್ಲ. ವಾಲ್ವನ್ನು ಹೀಗೆ ಒತ್ತಿದ, ಹಾಗೆ ಒತ್ತಿದ. ಜಾರಿ ನೀರಿಗೆ ಬಿತ್ತು. ಹೆಗಲ ಟವೆಲನ್ನು ಉಂಡೆ ಮಾಡಿ ತೂತಿಗೆ ತುರುಕಿ ಎಡ ಅಂಗೈಯಿಂದ ಒತ್ತಿ ನಿಂತ. ನೀರಿನ ರಭಸ ತಗ್ಗಿತು. ಬೆರಳ ಸಂದಿಯಿಂದ ಸೋರುವುದು ನಿಲ್ಲಲಿಲ್ಲ. ಕೈ ತೆಗೆಯುವಂತಿಲ್ಲ. ಕೈ ತೆಗೆಯದೆ ಏನೂ ಮಾಡುವಂತಿಲ್ಲ.

ಕಸ ಗುಡಿಸುತ್ತಿದ್ದ ಆಯಾ ಓಡಿ ಬಂದಳು. "ಅಯ್ಯೋ ನನ್ನಪ್ಪ, ಬೋರ್ಡಿಗೆ ನೀರು ಇಳಿಯುತ್ತಿದೆ! ಒಳಗೆ ಕೂಸುಗಳಿದ್ದಾವೆ ಕಣೋ!"

"ಚೀಲದಲ್ಲಿ ಉಳಿ, ಸುತ್ತಿಗೆ ಇದೆ ತೆಗಿಯಮ್ಮ. ನನ್ನ ಕೈ ಸುತ್ತ ಗೋಡೆ ಒಡಿ. ಪೈಪು ಕಾಣುವವರೆಗೂ ಒಡಿ."

"ನಿನ್ನ ಕೈ ಅಲ್ಲೇ ಇದೆಯಲ್ಲೋ!"

"ಇರಲಿ. ಹೊಡಿ."

ಅವಳು ಜನ್ಮದಲ್ಲಿ ಉಳಿ ಹಿಡಿದವಳಲ್ಲ. ಉಳಿಯನ್ನು ಅವನ ಕಿರುಬೆರಳ ಪಕ್ಕ ಇಟ್ಟು, ಕಣ್ಣು ಮುಚ್ಚಿ ಹೊಡೆದಳು. ಗಾರೆ ಉದುರಿತು. ಮತ್ತೆ ಹೊಡೆದಳು. ದೀಪ ಒಮ್ಮೆ ಮಿಣುಕಿ ಆರಿತು. ಪಕ್ಕದ ಕೋಣೆಯಲ್ಲಿ ಯಂತ್ರಗಳ ಸದ್ದು ನಿಂತುಹೋಯಿತು. ನರ್ಸುಗಳು ಕೂಗಾಡುವುದು ಕೇಳಿಸಿತು. ಕೂಸುಗಳನ್ನು ಪೆಟ್ಟಿಗೆಯಿಂದ ಎತ್ತಿ ತಾಯಂದಿರ ಎದೆಗೆ ಕೊಡಿ, ಸೆರಗು ಹೊದಿಸಿ, ಬೇಗ, ಬೇಗ! ಪ್ಲಂಬರನಿಗೂ ಮಕ್ಕಳಿದ್ದರು. ಈ ಕೂಸುಗಳಲ್ಲಿ ಒಂದಕ್ಕೆ ಏನಾದರೂ ಆದರೆ ಈ ಕೈಯಲ್ಲಿ ಅನ್ನ ಹೇಗೆ ಉಣ್ಣಲಿ ಎಂದು ಅವನಿಗೆ ಅಳು ಬಂತು. ಅತ್ತ. ಒದ್ದೆ ಮುಖದಲ್ಲಿ ಅದು ಆಯಾಳಿಗೆ ಕಾಣಲಿಲ್ಲ.

ಮುಂದಿನ ಏಟು ಜಾರಿ ಅವನ ಕಿರುಬೆರಳ ಮೇಲೆ ಬಿತ್ತು. ಮೂಳೆ ಲಟಕ್ಕೆಂದಿತು. ಅವಳು ಚೀರಿ ಸುತ್ತಿಗೆ ಬಿಟ್ಟಳು.

"ಹೊಡಿಯಮ್ಮ" ಎಂದ ಅವನು. ಕೈ ತೆಗೆಯಲಿಲ್ಲ.

ಅವಳು ಸುತ್ತಿಗೆ ಎತ್ತಿಕೊಂಡಳು. ಅಳುತ್ತ ಹೊಡೆದಳು, ಬೈಯುತ್ತ ಹೊಡೆದಳು. "ಯಾಕೋ ಹೀಗೆ ಗೋಡೆಗೆ ಹತ್ತಿಸಿ ಕೊಯ್ದೆ, ಪುಣ್ಯಾತ್ಮ?"

"ಕೆಟ್ಟದ್ದು ಒಂದಿಷ್ಟೂ ಉಳಿಯಬಾರದು ಅಂತ."

"ಏನೂ ಉಳಿಯದಿದ್ದರೆ ಹಿಡಿಯುವುದು ಏನನ್ನೋ?"

ಗೋಡೆ ಬಾಯಿಬಿಟ್ಟಿತು. ತುಕ್ಕು ಹಿಡಿದ ಪೈಪು ಒಂದು ಬೆರಳಷ್ಟು ಕಂಡಿತು, ಎರಡು ಬೆರಳಷ್ಟು ಕಂಡಿತು. ನಾಲ್ಕು ಬೆರಳಷ್ಟು ಕಂಡಾಗ ಕೈ ತೆಗೆದ. ಮುಖಕ್ಕೆ ಹೊಡೆಯುವ ನೀರಿನಲ್ಲಿ ಕಣ್ಣು ಮುಚ್ಚಿಕೊಂಡೇ, ಆಯಾ ನೀರಿನಿಂದ ಹೆಕ್ಕಿಕೊಟ್ಟ ವಾಲ್ವು ತೊಡಿಸಿದ, ಬಿಗಿದ, ತಿರುಗಿಸಿದ. ನೀರು ನಿಂತಿತು. ಯಾವ ತುಕ್ಕನ್ನು ಕಂಡು ಉರಿದುಬಿದ್ದಿದ್ದನೋ ಅದೇ ತುಕ್ಕಿನ ಪೈಪು ವಾಲ್ವನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಪಕ್ಕದ ಕೋಣೆಯ ಬಾಗಿಲಲ್ಲಿ ಹೋಗಿ ನಿಂತ. ಕೂಸುಗಳೆಲ್ಲ ತಾಯಂದಿರ ಎದೆಯ ಮೇಲಿದ್ದವು. ಒಂದು ಕೂಸು ಮಾತ್ರ ಬಹಳ ಹೊತ್ತು ಸದ್ದು ಮಾಡಲಿಲ್ಲ. ನರ್ಸು ಅದರ ಅಂಗಾಲು ಉಜ್ಜುತ್ತಿದ್ದಳು. ಇನ್ನೂ ಹೆಸರಿಡದ ಅದನ್ನು ತಾಯಿ ಕಂದಾ, ಕಂದಾ ಎನ್ನುತ್ತಿದ್ದಳು. ಆಮೇಲೆ ಕೂಸು ಅತ್ತಿತು. ಪ್ಲಂಬರ್ ಅಲ್ಲೇ ಬಾಗಿಲಲ್ಲಿ ಕುಳಿತುಬಿಟ್ಟ.

ಬೆರಳು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಗಾಯ ಮಾಗಿದ ಮೇಲೆ ಅವನು ಮತ್ತೆ ಅದೇ ಅಂಗಡಿಗೆ ಹೋದ. ಗಿಡ್ಡ ಗರಗಸವನ್ನು ಕೈಗೆತ್ತಿಕೊಂಡ.

"ಅದು ಪೈಪಿನ ಬುಡಕ್ಕೆ ಹೋಗುವುದಿಲ್ಲಪ್ಪ, ಮೂತಿಯಲ್ಲಿ ತಡೆಯಿದೆ. ಒಂದಿಷ್ಟು ಉಳಿಸಿಯೇ ಕೊಯ್ಯುತ್ತದೆ" ಎಂದಳು ಒಡತಿ.

"ಅದಕ್ಕೇ ಬೇಕಮ್ಮ" ಎಂದ. ಆಮೇಲೆ ತಡೆಯನ್ನೂ ನಂಬದೆ, ಇಕ್ಕಳದ ಪೈಪಿನ ಮೇಲೆ ತನ್ನ ಬೆರಳು ಇಟ್ಟು ಅಳೆದ. ಮೂರು ನೆಟ್ಟಗಿನ ಬೆರಳು, ಒಂದು ಸೊಟ್ಟ ಬೆರಳು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ಬಾಗಿಲಿನಿಂದ ಕಣ್ಣು ತೆಗೆದು ಗುರುಗಳತ್ತ ತಿರುಗಿದ. ಆದರೂ ಸಿಟ್ಟು ಬಿಡಲಿಲ್ಲ. "ಹಾಗಾದರೆ ಕಡಿಯಲೇಬಾರದೇ, ಬುದ್ಧಿ? ಅವನು ನನಗೆ ಮಾಡಿದ್ದು ಅನ್ಯಾಯವಲ್ಲವೇ? ಅವ್ವ ನನಗೂ ಅವ್ವನೇ ಆಗಿದ್ದಳಲ್ಲ?"

"ಅನ್ಯಾಯವೇ. ಇಲ್ಲ ಎಂದವರು ಯಾರು? ಪೈಪು ಸೀಳಿದ್ದು ನಿಜ, ಕೊಯ್ಯಲೇಬೇಕಿತ್ತು. ಕೊಯ್ಯಬೇಡ ಎಂದು ನಾನು ಹೇಳಲಿಲ್ಲ. ಏಳು, ಹೋಗು."

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಕೊಟ್ರಪ್ಪ ಮೆಟ್ಟಿಲಿನಿಂದ ಎದ್ದ. ಕೈಚೀಲ ಹಿಡಿದುಕೊಂಡು ಒಮ್ಮೆ ಬಸ್ಸಿನ ಕಡೆ ನೋಡಿದ, ಒಮ್ಮೆ ಮಠದ ಒಳಗೆ ನೋಡಿದ. ಮುರಿಗೆಪ್ಪ ದಡಬಡಿಸಿ ಎದ್ದು ಬಾಗಿಲವರೆಗೆ ಹೋದ.

"ನಿಲ್ಲು" ಎಂದರು ಗುರುಗಳು. "ಅಣ್ಣನಿಗೆ ಹೇಳಬೇಕೆಂದಿದ್ದ ಮಾತನ್ನು ನನಗೆ ಇನ್ನೊಮ್ಮೆ ಹೇಳು."

ಮುರಿಗೆಪ್ಪ ಹೊಸ್ತಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಹೇಳಿದ. "ಅವ್ವನ ಜೊತೆ ನನ್ನನ್ನೂ ಮಣ್ಣು ಮಾಡಿದೆ ಎಂದು ತಿಳಿ. ಇನ್ನು ನನಗೆ ಅಣ್ಣನಿಲ್ಲ."

ಗುರುಗಳು ತಮ್ಮ ನಾಲ್ಕು ಬೆರಳು ಜೋಡಿಸಿ ಅವನ ಮುಂದೆ ಹಿಡಿದರು.

"ಈ ಮಾತಿನಲ್ಲಿ ಇಷ್ಟನ್ನು ಎಲ್ಲಿ ಉಳಿಸಿದ್ದೀಯೆ, ತೋರಿಸು."