ಗುರಿಕಾರನ ದೊಡ್ಡ ಕಾಯಿ

“ಗುರುಗಳೇ, ಹಿರಿಯರು ಹಾಕಿಕೊಟ್ಟ ನಿಯಮಗಳನ್ನು ಒಂದಿಷ್ಟೂ ತಪ್ಪದೆ ಪಾಲಿಸುತ್ತಿದ್ದೇನೆ. ಆದರೂ ಫಲ ಕಾಣುತ್ತಿಲ್ಲ. ಇನ್ನಷ್ಟು ಬಿಗಿಯಾಗಿ ಪಾಲಿಸಲೇ?” ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಕಡಲತಡಿಯ ಊರೊಂದರಲ್ಲಿ ಮೀನುಗಾರರಿಗೆ ಹಿರಿಯನಾಗಿ ಒಬ್ಬ ಗುರಿಕಾರನಿದ್ದ. ಮಳೆಗಾಲ ಹಿಡಿದ ಮೇಲೆ ಆ ಊರಿನ ದೋಣಿಗಳು ಕಡಲಿಗೆ ಇಳಿಯುತ್ತಿರಲಿಲ್ಲ. ಶ್ರಾವಣದ ನೂಲ ಹುಣ್ಣಿಮೆಯಂದು ಗುರಿಕಾರ ಹಾಲೆರೆದು ಕಡಲಿಗೆ ತೆಂಗಿನಕಾಯಿ ಎಸೆಯಬೇಕು, ಆಮೇಲೆಯೇ ಬಲೆ. ಅಜ್ಜ ಎಸೆದಿದ್ದ, ಅಪ್ಪ ಎಸೆದಿದ್ದ, ಇವನೂ ಎಸೆಯುತ್ತಿದ್ದ.

ಆದರೆ ವರ್ಷದಿಂದ ವರ್ಷಕ್ಕೆ ಮೀನು ಕಡಿಮೆಯಾಗುತ್ತ ಬಂತು. ಕಡಲಮ್ಮ ಮುನಿದಿದ್ದಾಳೆ ಎಂದುಕೊಂಡ ಗುರಿಕಾರ ಮರುವರ್ಷ ಇನ್ನೂ ದೊಡ್ಡ ಕಾಯಿ ಹುಡುಕಿದ. ಮೀನು ಮತ್ತೂ ಇಳಿಯಿತು. ಅದರ ಮರುವರ್ಷ ಎರಡು ಕೈಯಲ್ಲಿ ಹಿಡಿದರೂ ಜಾರುವಂಥ ಕಾಯಿ ತಂದ. ಪಾಪ, ಅವನ ಭಕ್ತಿಗೆ ಕೊರತೆಯಿರಲಿಲ್ಲ. ಇತ್ತ ಸಿಕ್ಕ ನಾಲ್ಕು ಮೀನಿನ ಹೊಟ್ಟೆ ತುಂಬ ಮೊಟ್ಟೆ ಇದ್ದರೆ ಊರಿಗೆ ಊರೇ ಬಾಯಿ ಚಪ್ಪರಿಸುತ್ತಿತ್ತು.

ಒಂದು ವರ್ಷ ಮಳೆ ತೀರ ತಡವಾಯಿತು. ಆಷಾಢ ಕಳೆದರೂ ಕಡಲ ನೀರು ಬೆಚ್ಚಗೇ ಇತ್ತು. ಹುಣ್ಣಿಮೆ ಮಾತ್ರ ಪಂಚಾಂಗದಲ್ಲಿದ್ದ ದಿನಕ್ಕೇ ಬರುವುದಿತ್ತು. ಗಂಜಿ, ಒಣಮೀನಿನಲ್ಲಿ ದಿನ ದೂಡಿದ ಜನ ತುದಿಗಾಲಲ್ಲಿ ನಿಂತಿದ್ದರು. ಈ ಸಲವೂ ಬಲೆ ಬರಿದಾದರೆ ಊರು ಬಿಡುವುದೊಂದೇ ದಾರಿ ಎಂಬುದು ಗುರಿಕಾರನಿಗೆ ಗೊತ್ತಿತ್ತು.

ಹುಣ್ಣಿಮೆಯ ಹಿಂದಿನ ಸಂಜೆ ಅವನು ಕಾಯಿಗೆ ಅರಿಸಿನ ಹಚ್ಚುತ್ತ ಕುಳಿತಿದ್ದ. ದಡದಲ್ಲಿ ಬೀಸುಬಲೆಗೆ ಸಿಕ್ಕ ಒಂದು ಹಿಡಿ ಬೂತಾಯಿ ಮೀನನ್ನು ತಾಯಿ ಅಂಗಳದಲ್ಲಿ ಕೊಯ್ಯುತ್ತಿದ್ದಳು. ಅವಳು ಕೈ ನಿಲ್ಲಿಸಿ ಹೇಳಿದಳು: “ಮಗಾ, ನಿನ್ನ ಅಜ್ಜನ ಕಾಲದಲ್ಲಿ ಹುಣ್ಣಿಮೆ ಹೊತ್ತಿಗೆ ಮೀನು ಮೊಟ್ಟೆ ಇಟ್ಟಾಗಿರ್ತಿತ್ತು. ಈಗೀಗ ವರ್ಷ ವರ್ಷವೂ ಮಳೆ ತಡ, ಮೀನು ಮೊಟ್ಟೆ ಇಡೋದೂ ತಡ. ನೋಡು, ಇದು ಇನ್ನೂ ಬಸುರಿ.”

ಅರಿಸಿನದ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ತಾನು ಬಲೆ ಹಾಕಿಸಿದ್ದು ಬಸುರಿ ಮೀನಿನ ಮೇಲೆ ಎಂದು ಅವನಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ, ಮೀನು ಎಲ್ಲಿ ಹೋಯಿತೆಂದು ಕೊನೆಗೂ ತಿಳಿದ ಸಂತೋಷಕ್ಕೆ ಮೈ ಜುಮ್ಮೆಂದಿತು.

ಮರುದಿನ ಡೋಲು ಬಡಿಯಿತು. ಗಂಡಸರು ದೋಣಿಗಳಿಗೆ ಹೆಗಲು ಕೊಟ್ಟು ನಿಂತರು. ಗುರಿಕಾರ ಹಾಲೆರೆದ. ಆಮೇಲೆ ಬಾಳೆಎಲೆಯ ಮೇಲೆ ಆ ಮೀನಿನ ಮೊಟ್ಟೆಗಳನ್ನಿಟ್ಟು, ಪಕ್ಕದಲ್ಲಿ ಕಾಯಿ ಇಟ್ಟು, “ಬಸುರಿಯ ಮೇಲೆ ಬಲೆ ಬೀಸುವವರು ಯಾರಿದ್ದೀರೋ ಬಂದು ಈ ಕಾಯಿ ಎಸೀರಿ,” ಎಂದ. ಡೋಲು ನಿಂತಿತು. ಪದ್ಧತಿ ಮುರಿದ, ಮನೆಹಾಳ ಎಂದು ಬೈದವರಿದ್ದರು. ಕಾಯಿ ಮುಟ್ಟಿದವರು ಒಬ್ಬರೂ ಇರಲಿಲ್ಲ.

ಅಂದಿನಿಂದ ತಾಯಿ ದಿನಕ್ಕೊಂದು ಮೀನು ಕೊಯ್ದಳು. ಬೈದವರೇ ಎಲ್ಲರಿಗಿಂತ ಮೊದಲು ಬಂದು ಅಂಗಳದಲ್ಲಿ ಇಣುಕುತ್ತಿದ್ದರು. ಅಮಾವಾಸ್ಯೆಯ ಮಧ್ಯಾಹ್ನ ಕೊಯ್ದ ಮೀನಿನ ಹೊಟ್ಟೆ ಖಾಲಿ. ತಾಯಿ ಕೂಗಿದ್ದೇ ತಡ, ಗುರಿಕಾರ ಗಂಜಿ ಬಿಟ್ಟೆದ್ದು, ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಸಣ್ಣ ಕಾಯಿ ಹಿಡಿದು ದಡಕ್ಕೆ ಓಡಿ ಎಸೆದೇಬಿಟ್ಟ. ದೋಣಿಗಳು ಅಲೆ ಸೀಳಿಕೊಂಡು ನುಗ್ಗಿದವು.

ಆ ವರ್ಷ ಬಲೆ ಅರ್ಧ ತುಂಬಿತು. ಮರುವರ್ಷ ದಡದ ನೀರೆಲ್ಲ ಮೀನಿನಿಂದ ಮಿರಮಿರ ಮಿಂಚಿತು. ಬುಟ್ಟಿ ಸಾಲದೆ ಹೆಂಗಸರು ಸೆರಗಿನಲ್ಲೇ ತುಂಬಿಕೊಂಡರು.

ಕತೆ ಮುಗಿಯುವ ಹೊತ್ತಿಗೆ ಶಿಷ್ಯ ಎದ್ದು ನಿಂತಿದ್ದ. “ತಿಳಿಯಿತು ಗುರುಗಳೇ. ಇನ್ನು ಮುಂದೆ ಪ್ರತಿ ವರ್ಷವೂ ಅಮಾವಾಸ್ಯೆಗೇ ಕಾಯಿ ಎಸೆಯಬೇಕು, ಒಂದು ದಿನವೂ ತಪ್ಪಬಾರದು,” ಎಂದ.



“ಮೀನಿನ ಹೊಟ್ಟೆ ನೋಡದೆ ನೀನೂ ದೊಡ್ಡ ಕಾಯಿ ಹುಡುಕಲು ಹೊರಟೆಯಲ್ಲ,” ಎಂದರು ಗುರುಗಳು.

ಎದ್ದಿದ್ದ ಶಿಷ್ಯ ಮತ್ತೆ ಕುಳಿತುಕೊಂಡ.