ಮುಳ್ಳುಪಟ್ಟಿ ಬಿಚ್ಚಿದ ರಾಯಭಾರಿ

ಬೊಗಳಿ ಬೊಗಳಿಯೇ ಕುರಿಹಟ್ಟಿಯ ಚುನಾವಣೆ ಗೆದ್ದ ನಾಯಿ ಕರಿಯಣ್ಣನನ್ನು ಕುರಿಗಳು ತೋಳಗಳ ಗುಡ್ಡಕ್ಕೆ ರಾಯಭಾರಿಯಾಗಿ ಕಳಿಸಿದವು.

"ಕೊರಳಿನ ಮುಳ್ಳುಪಟ್ಟಿ ಮಾತ್ರ ಬಿಚ್ಚಬೇಡಪ್ಪಾ, ತೋಳ ಬಾಯಿ ಹಾಕೋದೇ ಅಲ್ಲಿಗೆ," ಅಂದಿತು ಮುದಿಕುರಿ.

"ನನಗೇ ಪಾಠ ಹೇಳ್ತೀಯೇನವ್ವಾ?" ಎಂದು ಕರಿಯಣ್ಣ ಬಾಲ ಎತ್ತಿಕೊಂಡು ಹೊರಟ.

ಗುಡ್ಡದಲ್ಲಿ ಭರ್ಜರಿ ಸನ್ಮಾನ. ತೋಳರಾಯ ಜರಿಶಾಲು ಹಿಡಿದು ನಿಂತು, "ಮುಳ್ಳಿಗೆ ಸಿಕ್ಕಿ ಶಾಲು ಹರಿದೀತು, ಸ್ವಾಮಿ," ಅಂದ. ಕರಿಯಣ್ಣ ಪಟ್ಟಿ ಬಿಚ್ಚಿಕೊಟ್ಟ.

ಮುಸ್ಸಂಜೆಗೆ ಆ ಪಟ್ಟಿ ಕಟ್ಟಿಕೊಂಡ ತೋಳವೊಂದು ಹಟ್ಟಿಯ ಬಾಗಿಲಿಗೆ ಬಂತು. ಮಬ್ಬಿನಲ್ಲಿ ಪಟ್ಟಿಯನ್ನಷ್ಟೇ ಕಂಡ ಕುರಿಗಳು, "ನಮ್ಮ ಕರಿಯಣ್ಣ ಬಂದ!" ಎಂದು ಬಾಗಿಲು ತೆಗೆದವು.

ಚೀರಾಟ ಗುಡ್ಡದ ತನಕ ಕೇಳಿಸಿತು. ಕರಿಯಣ್ಣ ಬಾಯಿ ತೆರೆದ. ತೋಳರಾಯ ಅವನ ಬರಿಗೊರಳನ್ನೊಮ್ಮೆ ಮೂಸಿ, ಶಾಲು ಸರಿಮಾಡಿ, "ರಾಯಭಾರಿಗಳು ಬೊಗಳಬಾರದು," ಅಂದ.

ಕರಿಯಣ್ಣ ಬಾಯಿ ಮುಚ್ಚಿಕೊಂಡು ಬಾಲ ಅಲ್ಲಾಡಿಸಿದ.