ದೊರೆಯ ಮುತ್ತಜ್ಜನನ್ನು ಕೊಂದವರಾರು?

ಕೆಂಚನದುರ್ಗದ ದೊರೆ ಮುದ್ದನಾಯಕನಿಗೆ ಮಾಡಲು ಕೆಲಸವಿಲ್ಲದಿದ್ದರೆ ಊರಿಗೆಲ್ಲ ಗ್ರಹಚಾರ. ಯುದ್ಧವಿಲ್ಲ, ಬೇಟೆಯಿಲ್ಲ, ಬರೀ ಆಕಳಿಕೆ. ಅಂಥ ಒಂದು ದಿನ ಅವನು ಗೋಡೆಯ ಮೇಲಿದ್ದ ಮುತ್ತಜ್ಜನ ಚಿತ್ರ ನೋಡಿ ಮೀಸೆ ತಿರುವಿದ.

"ಊಟವಾದ ಸ್ವಲ್ಪ ಹೊತ್ತಿಗೇ ಮುತ್ತಜ್ಜ ಸತ್ತ; ಯಾರೋ ವಿಷವಿಟ್ಟು ಕೊಂದರು. ಅಪ್ಪನಿಗೆ ಕೊಲೆಗಾರ ಸಿಗಲಿಲ್ಲ. ಅಜ್ಜನಂತೂ ಆ ಮಾತೇ ಎತ್ತಲಿಲ್ಲ. ಈಗ ನಾನು ಹಿಡಿಯುತ್ತೇನೆ!"

"ಹಿಡಿಯುವುದೇನು ಬಂತು, ಪ್ರಭು?" ಎಂದು ಮಂತ್ರಿ ರಂಗರಸ ಮುಂದೆ ಬಂದ. ಅರಮನೆಯ ಅಡುಗೆಮನೆಗೆ ತನ್ನ ಭಾವಮೈದುನನನ್ನು ಸೇರಿಸಬೇಕೆಂದು ಅವನಿಗೆ ಬಹಳ ದಿನದ ಆಸೆ. "ವಿಷ ಅಂದಮೇಲೆ ಅಡುಗೆಯವನೇ. ಅಂದು ಬಡಿಸಿದವನು ನಮ್ಮ ಬಾಣಸಿಗ ಸೂರಪ್ಪನ ಮುತ್ತಜ್ಜ. ಪಾಪದ ಫಲ ವಂಶವೇ ಉಣ್ಣಬೇಕು!"

ಸೂರಪ್ಪನನ್ನು ಕರೆಸಿದರು. ಪಾಪ, ಕೈಯಲ್ಲಿದ್ದ ಸೌಟನ್ನೂ ಇಡದೆ ಓಡಿ ಬಂದವನು ವಿಷಯ ಕೇಳಿ ದೊರೆಯ ಕಾಲಿಗೆ ಬಿದ್ದ.

ಆಸ್ಥಾನದ ವಿದೂಷಕ ಸಿಂಗಣ್ಣನಿಗೆ ಇದನ್ನು ಸಹಿಸಲಾಗಲಿಲ್ಲ. ಸೂರಪ್ಪನ ಕೈಯ ಹುಳಿಯೆಂದರೆ ಅವನಿಗೆ ಪ್ರಾಣ; ಇರುವೆಯನ್ನೂ ನೋಯಿಸದ ಸೂರಪ್ಪನೆಂದರೆ ಇನ್ನೂ ಹೆಚ್ಚು. ಆದರೂ ನಗುನಗುತ್ತಲೇ ಎದ್ದು ನಿಂತ.

"ಮಂತ್ರಿಗಳ ಮಾತು ಸರಿ, ಪ್ರಭು. ವಂಶವೇ ಉಣ್ಣಲಿ. ಆದರೆ ಶಿಕ್ಷೆ ಏನೆಂದು ಮೊದಲೇ ಹೇಳಿಬಿಡಿ. ಆಮೇಲೆ ತಮ್ಮ ಮನಸ್ಸು ಕರಗಿಬಿಟ್ಟರೆ?"

"ಕರಗುವುದೇ? ಕೊಂದವನ ವಂಶದವನು ಯಾರೇ ಆಗಲಿ, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಗಡಿ ದಾಟಿಸುತ್ತೇನೆ. ಮುತ್ತಜ್ಜನಾಣೆ!"

ಸಿಂಗಣ್ಣ ಆಳಿಗೆ ಕತ್ತೆ ತರಲು ಹೇಳಿ, ಬಾಣಸಿಗನತ್ತ ತಿರುಗಿದ. "ಸೂರಪ್ಪ, ದೊರೆಗೆ ಬಡಿಸುವ ಮುಂಚೆ ಏನು ಮಾಡ್ತೀಯ?"

"ಎಲ್ಲರೆದುರು ನಾನೇ ಒಂದೊಂದು ತುತ್ತು ತಿಂತೀನಿ ಸ್ವಾಮಿ. ನಮ್ಮ ಮುತ್ತಜ್ಜನ ಕಾಲದಿಂದ ಅದೇ ಪದ್ಧತಿ."

"ಅವತ್ತು ನಿಮ್ಮ ಮುತ್ತಜ್ಜನೂ ತಿಂದಿದ್ದನೇ?"

"ತಿಂದಿದ್ದನಂತೆ. ಹಲ್ಲೆಲ್ಲ ಉದುರುವವರೆಗೂ ಬದುಕಿದ್ದ."

"ಹಾಗಾದರೆ ಊಟದಲ್ಲಿ ವಿಷ ಇರಲಿಲ್ಲ. ಊಟವಾದ ಮೇಲೆ ದೊರೆ ಬಾಯಿಗೆ ಹಾಕಿಕೊಳ್ಳುವುದೇನು, ಮಂತ್ರಿಗಳೇ?"

"ತಾಂಬೂಲ," ಎಂದ ರಂಗರಸ.

"ಅದನ್ನು ಮೊದಲು ಯಾರು ಜಗಿದು ನೋಡುತ್ತಾರೆ?"

"ಛೀ! ಎಂಜಲು ವೀಳ್ಯ ದೊರೆಗೆ ಕೊಡುವುದುಂಟೇ? ಅದನ್ನು ಹಿಂದಿನಿಂದಲೂ ಯುವರಾಜರೇ ಸ್ವಂತ ಕೈಯಿಂದ ಮಡಿಸಿ..."

ರಂಗರಸನ ಮಾತು ಅಲ್ಲಿಗೇ ನಿಂತಿತು. ಎಲ್ಲರೂ ಮುತ್ತಜ್ಜನ ಚಿತ್ರ ನೋಡಿದರು, ಆಮೇಲೆ ಪಕ್ಕದಲ್ಲಿದ್ದ ಅಜ್ಜನ ಚಿತ್ರ ನೋಡಿದರು. ಆಗ ಯುವರಾಜನಾಗಿದ್ದವನು ಅವನೇ. ಅಂಗಳದಲ್ಲಿ ಕತ್ತೆ ಅರಚಿತು.

"ಪ್ರಭು," ಸಿಂಗಣ್ಣ ಕೈಮುಗಿದ, "ಕತ್ತೆಯ ಬೆನ್ನಿಗೆ ಕಂಬಳಿ ಹಾಸಿಸಲೇ? ಗಡಿ ದೂರವಿದೆ."

ದೊರೆಯ ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. "ಸತ್ತವರ ಜಗಳ ಸತ್ತವರಿಗೇ ಇರಲಿ, ಮಾರಾಯ! ಆಣೆ ವಾಪಸ್ಸು. ಸೂರಪ್ಪ, ಹೋಗಿ ಎಲೆ ಹಾಕು."

ಆ ದಿನದ ಊಟ ಹಬ್ಬದಂತಿತ್ತು. ಕೊನೆಯಲ್ಲಿ ಯುವರಾಜ ಎಂದಿನಂತೆ ತಾಂಬೂಲ ಮಡಿಸಿ ಅಪ್ಪನ ಮುಂದೆ ಹಿಡಿದ. ದೊರೆ ಅದನ್ನು ನೋಡಿದ, ಮಗನನ್ನು ನೋಡಿದ. ಮೆಲ್ಲಗೆ ಅದನ್ನು ಸಿಂಗಣ್ಣನತ್ತ ಚಾಚಿದ.

"ತಗೋ ಸಿಂಗಣ್ಣ, ನಿನ್ನ ಜಾಣತನಕ್ಕೆ ರಾಜಮರ್ಯಾದೆ!"

ಸಿಂಗಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಪ್ರಭು. ಕೊಡುವುದಿದ್ದರೆ ಇನ್ನೊಂದು ಬಟ್ಟಲು ಪಾಯಸ ಕೊಡಿಸಿ. ಅದನ್ನು ಸೂರಪ್ಪ ಮಾಡಿದ್ದು!"